ತಮ್ಮನ ಕಾರ್ಬಾಕ್ಸಿ, ನನ್ನ ಎ1ಸಿ, ಸೊಸೆಯ ಎ2: ಎಲ್ಲವೂ ಒಂದೇ ಕಾಯಿಲೆಯೇ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಊರು ಕುಂದಾಪುರದ ಕಡೆ, ಮುಂಬಯಿಗೆ ಬಂದು 36 ವರ್ಷವಾಯಿತು. ನನಗೀಗ 58. ಈ ವರ್ಷ ನಮ್ಮ ಮನೆಯ ಮೂವರ ರಕ್ತಪರೀಕ್ಷೆಯಲ್ಲೂ ಹಿಮೋಗ್ಲೋಬಿನ್‌ನದೇ ತಕರಾರು. ಜನವರಿಯಲ್ಲಿ ಪುಣೆಯಲ್ಲಿರುವ ತಮ್ಮ ಸ್ನಾನಕ್ಕೆ ಹೋದವನು ಬಚ್ಚಲಲ್ಲೇ ಕುಸಿದು ಬಿದ್ದ. ಅಲ್ಲಿ ಗ್ಯಾಸ್ ಗೀಸರ್ ಇದೆ. ಆಸ್ಪತ್ರೆಯ ರಿಪೋರ್ಟಿನಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ 31 ಅಂತಲೂ, ಅದರ ಕೆಳಗೆ ಮೆಟ್‌ಹಿಮೋಗ್ಲೋಬಿನ್ 0.8 ಅಂತಲೂ ಇತ್ತು. ನನಗೆ ಎಚ್‌ಬಿಎ1ಸಿ 6.8 ಬಂದಿದೆ, ಆದರೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 96, ಊಟದ ನಂತರದ್ದು 134. ಹಿಮೋಗ್ಲೋಬಿನ್ ಮಾತ್ರ 8.9. ಮೂಲವ್ಯಾಧಿ ಇದೆ. ಈಗ ಸೊಸೆಗೆ ಎರಡು ತಿಂಗಳು. ಉಲ್ಲಾಸನಗರದ ಸಿಂಧಿ ಮನೆತನದ ಹುಡುಗಿ, ಮಗ ಇಷ್ಟಪಟ್ಟು ಮದುವೆಯಾದದ್ದು. ಅವಳ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಎ2 5.3 ಇದೆ, ಗುರುತು ಹಾಕಿ ಕೊಟ್ಟಿದ್ದಾರೆ. ಇವೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ರೂಪಗಳೇ? ನಮ್ಮ ರಕ್ತದಲ್ಲೇ ದೋಷವೇ? ಸೊಸೆಯಿಂದ ಬಂದದ್ದು ಎಂದು ಮನೆಯಲ್ಲಿ ಮಾತಾಗುತ್ತಿದೆ.

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಗನನ್ನು ನಾಳೆಯೇ ಲ್ಯಾಬಿಗೆ ಕಳಿಸಿ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಮಾಡಿ ಅಳೆಯುವ ಪರೀಕ್ಷೆ), ಎರಡನ್ನೂ ಮಾಡಿಸಿ. ಸೊಸೆಯದಲ್ಲ, ಮಗನದು. ಯಾಕಿಷ್ಟು ಅವಸರ ಎನ್ನುವುದನ್ನು ಅವಳ ರಿಪೋರ್ಟಿಗೆ ಬಂದಾಗ ಹೇಳುತ್ತೇನೆ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಅಲ್ಲ. ಮೂರಕ್ಕೂ ಹೆಸರಿನ ಬಾಲವೊಂದೇ, ಅದರಾಚೆಗೆ ನಂಟಿಲ್ಲ. ಮುಂಬಯಿಯ ಲ್ಯಾಬುಗಳಲ್ಲಿ ರಕ್ತ ನೋಡಿಕೊಂಡೇ ತಲೆ ನರೆಸಿಕೊಂಡವನು ನಾನು. ಆದರೂ ಕಲಿಯುವ ದಿನಗಳಲ್ಲಿ ಈ ಹೆಸರುಗಳ ಸಂತೆಯಲ್ಲಿ ನನಗೂ ದಾರಿ ತಪ್ಪುತ್ತಿತ್ತು. ಆಗ ನನಗೆ ನಾನೇ ಮಾಡಿಕೊಂಡ ಉಪಾಯವೊಂದಿದೆ, ಹೋಟೆಲಿನವರಾದ ನಿಮಗೆ ಅದು ಬೇಗ ಹಿಡಿಯುತ್ತದೆ. ಚಕ್ಕುಲಿ ಸರಿಯಾಗಿಲ್ಲ ಎಂದು ಗಿರಾಕಿ ತಕರಾರು ತಂದರೆ ನೀವು ಮೊದಲು ಏನು ನೋಡುತ್ತೀರಿ? ಒರಳಿನ ಬಿಲ್ಲೆಯಲ್ಲೇ ಹಲ್ಲು ಮುರಿದಿದ್ದರೆ ಒತ್ತಿದ ಚಕ್ಕುಲಿಯೆಲ್ಲ ಹಾಗೇ ಬರುತ್ತದೆ, ನಾಳೆಯೂ ಹಾಗೇ. ಬಿಲ್ಲೆ ಸರಿಯಿದ್ದು ಡಬ್ಬದ ಮುಚ್ಚಳ ಸಡಿಲಾಗಿ ಮಳೆಗಾಲದ ಥಂಡಿ ಹೊಕ್ಕಿದ್ದರೆ ಆ ಡಬ್ಬದ್ದಷ್ಟೇ ಮೆತ್ತಗಾಗಿರುತ್ತದೆ. ಹಿಮೋಗ್ಲೋಬಿನ್ ಬದಲಾಗಿದೆ ಎಂದು ಯಾರು ಹೇಳಿದರೂ ನಾನು ಕೇಳುವುದು ಇಷ್ಟೇ: ಅಚ್ಚಿನಲ್ಲೇ ಬದಲಾದದ್ದೋ, ತಯಾರಾದ ಮೇಲೆ ಬದಲಾದದ್ದೋ? ಮೊದಲನೆಯದಾದರೆ ಅಣ್ಣ ತಮ್ಮಂದಿರು, ಮಕ್ಕಳು ಎಲ್ಲರ ಪಟ್ಟಿ ಬೇಕು. ಎರಡನೆಯದಾದರೆ ಆ ಮನುಷ್ಯ ಏನು ಉಸಿರಾಡಿದ, ಏನು ತಿಂದ ಎಂಬುದು ಬೇಕು.

ಸರಿಯಾದ ಹಿಮೋಗ್ಲೋಬಿನ್ ಹೇಗಿರುತ್ತದೆ ಎನ್ನುವುದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದೊಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಒಂದು ಅಣುವೆಂದರೆ ನಾಲ್ಕು ಪ್ರೋಟೀನ್ ಎಳೆಗಳ ಒಂದು ಗಂಟು, ಎರಡು ಆಲ್ಫಾ, ಎರಡು ಬೀಟಾ. ಪ್ರತಿ ಎಳೆಯ ಮಡಿಲಲ್ಲಿ ಹೀಮ್ ಎಂಬ ಚಪ್ಪಟೆ ಬಿಲ್ಲೆ, ಅದರ ನಟ್ಟನಡುವೆ ಕಬ್ಬಿಣದ ಒಂದೇ ಒಂದು ಪರಮಾಣು. ಶ್ವಾಸಕೋಶದಲ್ಲಿ ಆಕ್ಸಿಜನ್ ಬಂದು ಕೂರುವುದು ಆ ಕಬ್ಬಿಣದ ಮೇಲೆ, ಇಳಿಯುವುದು ಮೆದುಳು, ಹೃದಯ, ಸ್ನಾಯುಗಳಲ್ಲಿ. ಹಿಡಿದುಕೊಂಡರೆ ಸಾಲದು, ಹೊತ್ತಿಗೆ ಸರಿಯಾಗಿ ಬಿಡಲೂಬೇಕು. ಕೆಟ್ಟುಹೋದ ಹಿಮೋಗ್ಲೋಬಿನ್‌ಗಳಲ್ಲಿ ಕೆಲವು ಹಿಡಿಯಲಾರವು, ಕೆಲವು ಬಿಡಲಾರವು.

ನಿಮ್ಮ ತಮ್ಮನದು ಎರಡೂ ಸೇರಿದ್ದು. ಬಚ್ಚಲಿನ ಕಿಟಕಿ ಮುಚ್ಚಿ, ಬಾಗಿಲ ಚಿಲಕ ಹಾಕಿ, ಗ್ಯಾಸ್ ಗೀಸರ್ ಹಚ್ಚಿದರೆ ಆ ಉರಿಯೂ ಸ್ನಾನ ಮಾಡುವವನೂ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕು. ಗಾಳಿಯಲ್ಲಿ ಆಕ್ಸಿಜನ್ ಕಡಿಮೆಯಾಗುತ್ತ ಬಂದಂತೆ ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ‘ಗ್ಯಾಸಿನ ವಾಸನೆಯೇ ಬಂದಿರಲಿಲ್ಲವಲ್ಲ ಡಾಕ್ಟ್ರೇ’ ಎಂದು ಮನೆಯವರು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುವುದು ಬೇಕೆಂದೇ ಬೆರೆಸಿದ ವಾಸನೆ. ಇದು ಸೋರಿದ ಗ್ಯಾಸಲ್ಲ, ಅರ್ಧ ಉರಿದ ಗ್ಯಾಸು.

ಕಾರ್ಬನ್ ಮಾನಾಕ್ಸೈಡ್ ಹೋಗಿ ಕೂರುವುದು ಆಕ್ಸಿಜನ್ ಕೂರುವ ಅದೇ ಕಬ್ಬಿಣದ ಮೇಲೆ, ಅದೂ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಪಾಲು. ಅದರ ಇನ್ನೂರ ಹತ್ತನೆಯ ಒಂದು ಭಾಗವೆಂದರೆ ನೂರಕ್ಕೆ 0.1. ಅಷ್ಟು ಮಾನಾಕ್ಸೈಡ್ ಇರುವ ಕೋಣೆಯಲ್ಲಿ ಸಾಕಷ್ಟು ಹೊತ್ತು ಉಸಿರಾಡಿದರೆ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕರ್ಧ ಅದರ ಪಾಲಾಗುತ್ತದೆ. ಇಷ್ಟೇ ಆಗಿದ್ದರೆ ರಕ್ತಹೀನತೆಯ ಹಾಗೆ ಉಳಿದರ್ಧದಲ್ಲಿ ಹೇಗೋ ದೂಡಬಹುದಿತ್ತು. ಆದರೆ ಹಿಮೋಗ್ಲೋಬಿನ್‌ನ ನಾಲ್ಕು ಆಸನಗಳು ಒಂದಕ್ಕೊಂದು ಸುಳಿವು ಕೊಟ್ಟುಕೊಂಡು ಕೆಲಸ ಮಾಡುವಂಥವು. ಎರಡರಲ್ಲಿ ಮಾನಾಕ್ಸೈಡ್ ಕೂತರೆ ಉಳಿದೆರಡು ತಮ್ಮಲ್ಲಿರುವ ಆಕ್ಸಿಜನ್ನನ್ನು ಬಿಡಲೊಲ್ಲವು. ರಕ್ತದಲ್ಲಿ ಆಕ್ಸಿಜನ್ ಇದ್ದೂ ಮೆದುಳಿಗೆ ಇಳಿಯುವುದಿಲ್ಲ. ಅದಕ್ಕೇ ಹಿಮೋಗ್ಲೋಬಿನ್ ಅರ್ಧಕ್ಕಿಳಿದ ರೋಗಿ ನಡೆದುಕೊಂಡು ನನ್ನ ಲ್ಯಾಬಿಗೆ ಬರುತ್ತಾನೆ, ಅರ್ಧ ಹಿಮೋಗ್ಲೋಬಿನ್ ಕಾರ್ಬಾಕ್ಸಿಯಾದವನನ್ನು ಹೊತ್ತು ತರಬೇಕಾಗುತ್ತದೆ.

ಈ ವಿಷದಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಅದರ ಬಣ್ಣ. ಕಾರ್ಬಾಕ್ಸಿಹಿಮೋಗ್ಲೋಬಿನ್ ಕಡುಗೆಂಪು, ಆರೋಗ್ಯವಂತನ ರಕ್ತಕ್ಕಿಂತಲೂ ಚಂದದ ಕೆಂಪು. ಕೋವಿಡ್ ಕಾಲದಿಂದ ಎಲ್ಲರ ಮನೆಯಲ್ಲೂ ಬಿದ್ದಿರುವ ಆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎರಡೇ ಬಣ್ಣದ ಬೆಳಕಿನಲ್ಲಿ ನೋಡುತ್ತದೆ. ಈ ಕೆಂಪನ್ನು ಕಂಡು ಆಕ್ಸಿಜನ್ನೇ ಎಂದು ನಂಬಿ 98, 99 ತೋರಿಸುತ್ತದೆ. ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ, ಬೆರಳ ಮೇಲೆ 98! ನಿಮ್ಮ ತಮ್ಮನ ರಕ್ತವನ್ನು ಕೋ-ಆಕ್ಸಿಮೀಟರ್ ಎಂಬ ಯಂತ್ರದಲ್ಲಿ ಹಾಯಿಸಿದ್ದಾರೆ. ಅದು ಹಲವು ಬಣ್ಣದ ಬೆಳಕಿನಲ್ಲಿ ನೋಡಿ ಒಂದೊಂದು ರೂಪವನ್ನೂ ಬೇರೆ ಮಾಡಿ ಎಣಿಸುತ್ತದೆ. ಪುಣೆಯ ಆ ಡಾಕ್ಟರಿಗೆ ಅದು ಹೊಳೆದದ್ದು ದೊಡ್ಡದು. ಬಚ್ಚಲಲ್ಲಿ ಬಿದ್ದವರಿಗೆ ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ಬರೆದುಕೊಟ್ಟ ಚೀಟಿಗಳನ್ನು ನಾನು ನೋಡಿದ್ದೇನೆ.

ನೂರಕ್ಕೆ 31 ಎಂಬುದು ಸಣ್ಣ ಅಂಕಿಯಲ್ಲ. ಬೀಡಿ ಸಿಗರೇಟು ಸೇದದವರಲ್ಲಿ ಇದು 2, 3ರೊಳಗೆ ಇರುತ್ತದೆ, ವಿಪರೀತ ಸೇದುವವರಲ್ಲಿ 10ರ ತನಕ ಹೋಗುವುದುಂಟು. ಆಸ್ಪತ್ರೆ ಮುಟ್ಟುವ ಹೊತ್ತಿಗೆ 31 ಇತ್ತೆಂದರೆ ಬಿದ್ದ ಕ್ಷಣದಲ್ಲಿ ಅದಕ್ಕಿಂತ ಹೆಚ್ಚೇ ಇದ್ದಿರಬೇಕು. ಸಾಮಾನ್ಯ ಗಾಳಿಯಲ್ಲಿ ಇದು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಗಂಟೆ, ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಒಂದೆರಡು ದಿನದಲ್ಲಿ ರಕ್ತ ಸ್ವಚ್ಛ. ಹಾಗಾಗಿ ಈಗ ನಿಮ್ಮ ತಮ್ಮನ ಹಿಮೋಗ್ಲೋಬಿನ್‌ನಲ್ಲಿ ಯಾವ ದೋಷವೂ ಉಳಿದಿಲ್ಲ, ಅವನ ಮಕ್ಕಳಿಗೆ ಹೋಗುವಂಥದ್ದೂ ಇಲ್ಲ. ರಕ್ತ ಮರೆತದ್ದನ್ನು ಮೆದುಳು ಮಾತ್ರ ಕೆಲವೊಮ್ಮೆ ಮರೆಯುವುದಿಲ್ಲ. ಚೇತರಿಸಿಕೊಂಡವರಲ್ಲಿ ಕೆಲವರಿಗೆ ಕೆಲವು ದಿನ, ಕೆಲವು ವಾರಗಳ ನಂತರ ಮರೆವು, ಸಿಡಿಮಿಡಿ, ನಡಿಗೆಯಲ್ಲಿ ತೊಡಕು ಕಾಣಿಸುವುದುಂಟು. ಬಿದ್ದ ಮೇಲೆ ಅವನ ಸ್ವಭಾವ ಬದಲಾಗಿದೆ ಎಂದು ನಾದಿನಿ ಏನಾದರೂ ಹೇಳಿದ್ದರೆ ಅದನ್ನು ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಬ್ರಿಟಿಷ್ ಶರೀರಶಾಸ್ತ್ರಜ್ಞ ಈ ಅನಿಲವನ್ನು ತಾನೇ ಉಸಿರಾಡಿ ತನ್ನ ರಕ್ತವನ್ನೇ ಪರೀಕ್ಷಿಸಿಕೊಂಡ. ಕಲ್ಲಿದ್ದಲ ಗಣಿಗೆ ಇಳಿಯುವಾಗ ಪುಟ್ಟ ಹಕ್ಕಿಯನ್ನು ಜೊತೆಗೊಯ್ದರೆ ಮನುಷ್ಯನಿಗಿಂತ ಮೊದಲು ಅದು ಬಿದ್ದು ಎಚ್ಚರಿಸುತ್ತದೆ ಎಂದು ಹೇಳಿಕೊಟ್ಟವನೂ ಅವನೇ. ಆ ಹೆಸರು ನೆನಪಿರಲಿ, ಅವನ ಮಗ ನಿಮ್ಮ ಸೊಸೆಯ ರಿಪೋರ್ಟಿನಲ್ಲಿ ಮತ್ತೆ ಬರುತ್ತಾನೆ.

ಇನ್ನು ಕೆಳಗಿನ ಸಾಲಿನ ಮೆಟ್‌ಹಿಮೋಗ್ಲೋಬಿನ್ 0.8. ಅದು ಎಲ್ಲರಲ್ಲೂ ಇರುವಷ್ಟೇ, ಯಂತ್ರ ತನ್ನ ಪಾಡಿಗೆ ಎಣಿಸಿ ಅಚ್ಚು ಹಾಕಿದೆ. ಆದರೂ ನೀವು ಕೇಳಿದಿರಲ್ಲ, ಹೇಳುವ ಆಸೆ ನನಗೂ ಇದೆ. ಇಲ್ಲಿ ಬೇರೆಯವರು ಬಂದು ಆಸನ ಹಿಡಿಯುವುದಿಲ್ಲ, ಆಸನಕ್ಕೇ ತುಕ್ಕು ಹಿಡಿಯುತ್ತದೆ. ಹೀಮ್‌ನ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಆಕ್ಸಿಜನ್ ಅದರ ಮೇಲೆ ಕೂರಲಾರದು. ನಮ್ಮ ಹಿಮೋಗ್ಲೋಬಿನ್‌ನಲ್ಲಿ ದಿನಕ್ಕೆ ನೂರಕ್ಕೆ ಮೂರರಷ್ಟು ಹೀಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ, ಕೆಂಪು ಕಣದೊಳಗಿನ ಒಂದು ಕಿಣ್ವ ಕೂತು ಉಜ್ಜುತ್ತಲೇ ಇರುತ್ತದೆ. ಉಜ್ಜುವವನ ಕೈಮೀರಿ ತುಕ್ಕು ಹಿಡಿಸುವ ಪದಾರ್ಥಗಳಿವೆ: ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ನೈಟ್ರೈಟ್, ಅನಿಲೀನ್ ಬಣ್ಣಗಳು, ಮರಗಟ್ಟಿಸುವ ಕೆಲವು ಔಷಧಗಳು, ಹಸುಳೆಗಳಿಗಾದರೆ ನೈಟ್ರೇಟ್ ಹೆಚ್ಚಿರುವ ಬಾವಿಯ ನೀರು.

ನಾನಿನ್ನೂ ಕಿರಿಯನಾಗಿದ್ದಾಗ ಒಂದು ರಾತ್ರಿ ಐದು ವರ್ಷದ ಹುಡುಗಿಯೊಬ್ಬಳನ್ನು ತಂದರು. ತುಟಿ, ಉಗುರು ನೇರಳೆಹಣ್ಣು ತಿಂದ ಹಾಗೆ. ಹೃದಯದ ತೊಂದರೆ ಎಂದುಕೊಂಡು ಆಕ್ಸಿಜನ್ ಹಚ್ಚಿದ್ದಾರೆ, ಬಣ್ಣ ಏರುತ್ತಿಲ್ಲ. ನನ್ನ ಮುಂದೆ ಬಂದ ರಕ್ತ ಚಾಕೊಲೇಟಿನ ಕಂದು. ಬಿಳಿ ಫಿಲ್ಟರ್ ಕಾಗದದ ಮೇಲೆ ಅವಳದೊಂದು ಹನಿ, ಪಕ್ಕದಲ್ಲಿ ನನ್ನದೇ ಒಂದು ಹನಿ ಹಾಕಿ ಗಾಳಿಗೆ ಹಿಡಿದೆ. ನನ್ನದು ಕೆಂಪಗೆ ಬೆಳಗಿತು, ಅವಳದು ಕಂದಾಗಿಯೇ ಕೂತಿತು. ಅಷ್ಟೇ ಪರೀಕ್ಷೆ. ಅಜ್ಜನ ಡ್ಯಾಪ್ಸೋನ್ ಮಾತ್ರೆಗಳನ್ನು ಪೆಪ್ಪರಮಿಂಟಿನ ಹಾಗೆ ತಿಂದಿದ್ದಳು. ಮೆಥಿಲೀನ್ ಬ್ಲೂ ಎಂಬ ಔಷಧ ಇದಕ್ಕೆ ಮದ್ದು, ಮೈತೂಕದ ಕಿಲೋಗೆ ಒಂದೆರಡು ಮಿಲಿಗ್ರಾಂ. ನೀಲಿ ಬಿದ್ದ ಮಗುವಿಗೆ ನೀಲಿ ಬಣ್ಣವನ್ನೇ ನರಕ್ಕೆ ಕೊಟ್ಟರು. ಗಂಟೆಯೊಳಗೆ ತುಟಿ ಗುಲಾಬಿಯಾಯಿತು. ಡ್ಯಾಪ್ಸೋನ್ ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಹಾಗಾಗಿ ಮತ್ತೆ ಕೊಡಬೇಕಾಯಿತು. ಕೊಡುವ ಮೊದಲು ನಮ್ಮ ಹಿರಿಯರು ತಾಯಿಯನ್ನು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ: ‘ನೀವು ಪಾರ್ಸಿಗಳೇ?’ ಜಿ6ಪಿಡಿ ಎಂಬ ಕಿಣ್ವದ ಕೊರತೆ ಪಾರ್ಸಿಗಳಲ್ಲಿ ಹೆಚ್ಚು, ಆ ಕೊರತೆ ಇದ್ದವರಿಗೆ ಮೆಥಿಲೀನ್ ಬ್ಲೂ ಕೊಟ್ಟರೆ ಕೆಂಪು ಕಣಗಳೇ ಒಡೆದುಹೋಗುತ್ತವೆ. ಮುಂಬಯಿಯಲ್ಲಿ ವೈದ್ಯ ಕಲಿಯುವುದೆಂದರೆ ಇಂಥ ಪ್ರಶ್ನೆಗಳನ್ನು ಕಲಿಯುವುದು.

ಬೆರಳ ಆಕ್ಸಿಮೀಟರಿಗೆ ಇದರಲ್ಲೂ ಮಂಕು ಕವಿಯುತ್ತದೆ, ಆದರೆ ಬೇರೆ ಥರ. ಮೆಟ್‌ಹಿಮೋಗ್ಲೋಬಿನ್ ಅದರ ಎರಡೂ ಬೆಳಕನ್ನು ಸರಿಸಮ ಹೀರುವುದರಿಂದ ಮುಳ್ಳು 85ರ ಸುತ್ತ ಹೋಗಿ ಅಲ್ಲೇ ನಿಲ್ಲುತ್ತದೆ, ಎಷ್ಟು ಆಕ್ಸಿಜನ್ ಕೊಟ್ಟರೂ ಅಲುಗುವುದಿಲ್ಲ. ಕಾರ್ಬಾಕ್ಸಿಯಲ್ಲಿ ಸುಳ್ಳು 98, ಮೆಟ್‌ನಲ್ಲಿ ಹಟಮಾರಿ 85.

ನನ್ನ ಚಕ್ಕುಲಿ ಹೋಲಿಕೆ ಇಲ್ಲಿ ಸ್ವಲ್ಪ ಮುರಿಯುತ್ತದೆ ಎಂದೂ ಒಪ್ಪಿಕೊಳ್ಳಬೇಕು. ಉಜ್ಜುವ ಕಿಣ್ವವೇ ಹುಟ್ಟಿನಿಂದ ಇಲ್ಲದ ಮನೆತನಗಳಿವೆ. ಅಮೆರಿಕದ ಕೆಂಟಕಿಯ ಗುಡ್ಡಗಳಲ್ಲಿ ಹಾಗೆ ತಲೆಮಾರುಗಳ ಕಾಲ ನೀಲಿ ಮೈಯವರಾಗಿಯೇ ಬಾಳಿದ ಒಂದು ಕುಟುಂಬವಿತ್ತು, ಬಹುಪಾಲು ಆರೋಗ್ಯವಾಗಿಯೇ ಇದ್ದರು. ಹೀಮ್ ಪಕ್ಕದ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಎಳೆಯಲ್ಲಿ ಪೋಣಿಸಿದ ಒಂದು ಮಣಿ, ಬದಲಾಗಿ ಕಬ್ಬಿಣ ಸದಾ ತುಕ್ಕಿನಲ್ಲೇ ಇರುವ ಹಿಮೋಗ್ಲೋಬಿನ್ ಎಂ ಎಂಬುದೂ ಇದೆ, ಅದು ಅಚ್ಚಿನ ದೋಷವೇ. ಅದಕ್ಕೆ ಮೆಥಿಲೀನ್ ಬ್ಲೂ ನಾಟುವುದಿಲ್ಲ. ಬಹುಪಾಲು ಸಲ ಮಾತ್ರ ನೀವು ಹುಡುಕಬೇಕಾದದ್ದು ಮಾತ್ರೆಯ ಡಬ್ಬಿಯನ್ನೇ.

ಇದರ ದಾಯಾದಿ ಸಲ್ಫ್‌ಹಿಮೋಗ್ಲೋಬಿನ್, ಹೀಮ್‌ಗೆ ಗಂಧಕ ಸೇರಿದ್ದು, ರಕ್ತ ಹಸಿರು ಛಾಯೆಗೆ ತಿರುಗುತ್ತದೆ. ಬಹಳ ಅಪರೂಪ. ಒಮ್ಮೆ ಆಯಿತೆಂದರೆ ವಾಪಸು ಬರುವುದಿಲ್ಲ, ಆ ಕಣ ಸಾಯುವ ತನಕ ಹಾಗೇ. ಸಮಾಧಾನವೆಂದರೆ ಅದು ಉಳಿದ ಆಸನಗಳ ಆಕ್ಸಿಜನ್ನನ್ನು ಸಲೀಸಾಗಿ ಬಿಡಿಸುತ್ತದೆ, ಹಾಗಾಗಿ ನೋಡಲು ಭಯಂಕರವಾದರೂ ರೋಗಿ ಅಷ್ಟು ಬಳಲುವುದಿಲ್ಲ.

ನಿಮ್ಮ ಎ1ಸಿಗೆ ಬರೋಣ. ಇದೂ ಅಚ್ಚಿನಿಂದ ಹೊರಬಿದ್ದ ಮೇಲಾದ ಬದಲಾವಣೆ, ಆದರೆ ವಿಷವಲ್ಲ, ಕಬ್ಬಿಣದ ಗೊಡವೆಗೂ ಹೋಗುವುದಿಲ್ಲ. ರಕ್ತದಲ್ಲಿ ತೇಲುವ ಸಕ್ಕರೆ ಬೀಟಾ ಎಳೆಯ ತುದಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಪಾಕದ ಪಾತ್ರೆಯ ಹತ್ತಿರವಿಟ್ಟ ಸೌಟಿಗೆ ಅಂಟಿದಂತೆ. ಸಕ್ಕರೆ ಹೆಚ್ಚಿದಷ್ಟೂ ಅಂಟು ಹೆಚ್ಚು, ಸೌಟು ಅಲ್ಲಿ ಇದ್ದಷ್ಟು ದಿನವೂ ಅಂಟು ಹೆಚ್ಚು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಅದಕ್ಕೇ ಇದು ಎರಡು ಮೂರು ತಿಂಗಳ ಸಕ್ಕರೆಯ ದಾಖಲೆ. ಮಧುಮೇಹಿಗಳಲ್ಲಿ ಇದು ಹೆಚ್ಚಿರುತ್ತದೆ ಎಂದು 1960ರ ದಶಕದ ಕೊನೆಯಲ್ಲಿ ಕಂಡುಕೊಂಡವರು ಇರಾನಿನ ಸ್ಯಾಮ್ಯುಯೆಲ್ ರಹಬರ್. ಅವರು ಹುಡುಕುತ್ತಿದ್ದದ್ದು ನಿಮ್ಮ ಸೊಸೆಯದರ ಥರದ ಹುಟ್ಟಿನ ಬದಲಾವಣೆಗಳನ್ನು, ಸಿಕ್ಕಿದ್ದು ಇದು.

ಆದರೆ ಈ ದಾಖಲೆ ನಂಬಲು ಕಣಗಳ ವಯಸ್ಸು ಸರಿಯಿರಬೇಕು. ಕಬ್ಬಿಣಾಂಶ ಕಡಿಮೆಯಿದ್ದಾಗ ಹೊಸ ಕಣಗಳು ನಿಧಾನ ಬರುತ್ತವೆ, ರಕ್ತದಲ್ಲಿ ಹಳೆಯ ಕಣಗಳೇ ತುಂಬಿರುತ್ತವೆ, ಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕಣಗಳು ಬೇಗ ಒಡೆಯುವ ಕಾಯಿಲೆಯಲ್ಲಿ ಇದಕ್ಕೆ ವಿರುದ್ಧ, ನಿಜವಾದ ಮಧುಮೇಹವೂ ಅಡಗಿಬಿಡುತ್ತದೆ. ಸಕ್ಕರೆ 96, 134 ಇದ್ದು ಎ1ಸಿ 6.8, ಹಿಮೋಗ್ಲೋಬಿನ್ 8.9 ಎಂದರೆ ನನಗೆ ಮೊದಲು ಅನುಮಾನ ಬರುವುದು ಎ1ಸಿಯ ಮೇಲೆಯೇ. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಕಬ್ಬಿಣ ಕಡಿಮೆಯಿದ್ದರೆ ಅದನ್ನು ತುಂಬಿ, ಮೂರು ನಾಲ್ಕು ತಿಂಗಳ ಮೇಲೆ ಎ1ಸಿ ಮತ್ತೆ ನೋಡಿ; ನಡುವೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನೋ ಎರಡು ಮೂರು ವಾರದ ಸಕ್ಕರೆ ತೋರಿಸುವ ಫ್ರಕ್ಟೋಸಮೈನನ್ನೋ ನಿಮ್ಮ ಡಾಕ್ಟರು ಬರೆಯಬಹುದು. ಸಕ್ಕರೆ ಮಾತ್ರೆ ಶುರು ಮಾಡುವ ಮೊದಲು ಈ ಚೀಟಿಯನ್ನು ಅವರಿಗೆ ತೋರಿಸಿ.

ಇದಕ್ಕಿಂತ ದೊಡ್ಡ ಮಾತೊಂದಿದೆ. 58ರ ಗಂಡಸಿಗೆ 8.9 ಬಂದರೆ ‘ಮೂಲವ್ಯಾಧಿಯಿಂದ’ ಎಂದು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ. ಕರುಳಿನಲ್ಲಿ ಬೇರೆಲ್ಲಿಂದಲೋ ರಕ್ತ ಹೋಗುತ್ತಿರಬಹುದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಮಾಡಿಸಲೇಬೇಕು. ಗಲ್ಲಾ ಬಿಟ್ಟು ಏಳುವುದು ಕಷ್ಟ ಅಂತ ನನಗೆ ಗೊತ್ತು. ಎರಡು ದಿನ ಮಗ ಕೂರಲಿ.

ಈಗ ಸೊಸೆ. ಹುಟ್ಟುವ ಮೊದಲು ನಮ್ಮಲ್ಲಿ ಹಿಮೋಗ್ಲೋಬಿನ್ ಎಫ್ ಇರುತ್ತದೆ, ಅದರಲ್ಲಿ ಬೀಟಾದ ಜಾಗದಲ್ಲಿ ಗಾಮಾ ಎಳೆ. ತಾಯಿಯ ರಕ್ತದಿಂದ ಆಕ್ಸಿಜನ್ ಕಸಿದುಕೊಳ್ಳಲು ಹೇಳಿ ಮಾಡಿಸಿದ್ದು. ಹುಟ್ಟಿದ ಮೇಲೆ ಅದು ಕಡಿಮೆಯಾಗಿ ಎ ಬರುತ್ತದೆ. ದೊಡ್ಡವರಲ್ಲಿ ನೂರಕ್ಕೆ 96, 97 ಪಾಲು ಎ, ಮೂರರ ಆಸುಪಾಸು ಎ2, ಎಫ್ ಒಂದಕ್ಕಿಂತ ಕಡಿಮೆ. ಎ2ನಲ್ಲಿ ಬೀಟಾದ ಬದಲು ಡೆಲ್ಟಾ ಎಂಬ ಎಳೆ. ಅಂದರೆ ಎ2 ಕೆಟ್ಟ ಹಿಮೋಗ್ಲೋಬಿನ್ ಅಲ್ಲ, ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ನಿಮ್ಮ ಸೊಸೆಯಲ್ಲಿ ಅದು 5.3 ಆಗಿರುವುದು ಬೀಟಾ ಎಳೆಯ ತಯಾರಿ ಅರ್ಧಕ್ಕಿಳಿದಿರುವುದರಿಂದ. ಬೀಟಾ ಕಡಿಮೆ ಬಿದ್ದಲ್ಲಿ ಡೆಲ್ಟಾಕ್ಕೆ ಜೊತೆ ಹೆಚ್ಚು ಸಿಗುತ್ತದೆ. ಇದನ್ನು ಬೀಟಾ ಥಲಸ್ಸೀಮಿಯಾದ ವಾಹಕತನ ಎನ್ನುತ್ತೇವೆ. ಅವಳ ಸಿಬಿಸಿ ತೆಗೆದು ನೋಡಿ: ಎಂಸಿವಿ (ಕೆಂಪು ಕಣದ ಗಾತ್ರ) ಕಡಿಮೆ, ಅರವತ್ತರ ಆಜುಬಾಜು ಇರಬಹುದು, ಕೆಂಪು ಕಣದ ಸಂಖ್ಯೆ ಮಾತ್ರ 50 ಲಕ್ಷ ದಾಟಿರಬಹುದು. ಕಬ್ಬಿಣದ ಕೊರತೆಯಲ್ಲಿ ಕಣಗಳು ಸಣ್ಣವೂ ಹೌದು, ಕಮ್ಮಿಯೂ ಹೌದು. ಇಲ್ಲಿ ಸಣ್ಣವು, ಆದರೆ ಧಾರಾಳ. ಈ ಗುಟ್ಟು ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳಿಗೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುತ್ತಾರೆ. ಅವಳಿಗೆ ಫೆರಿಟಿನ್ ನೋಡಿಯೇ ಕಬ್ಬಿಣ ಎಷ್ಟು ಬೇಕೆಂದು ತೀರ್ಮಾನಿಸಲಿ. ಫೋಲಿಕ್ ಆಮ್ಲ ಬಿಡುವುದು ಬೇಡ.

ಅವಳು ರೋಗಿಯಲ್ಲ. ಎಂದೂ ಆಗುವುದಿಲ್ಲ. ಅವಳ ಎರಡು ಬೀಟಾ ಜೀನ್‌ಗಳಲ್ಲಿ ಒಂದು ಗಟ್ಟಿಯಾಗಿದೆ, ಬದುಕಿಗೆ ಅದು ಸಾಕು. ಪ್ರಶ್ನೆ ಇರುವುದು ನಿಮ್ಮ ಮಗನದು. ಅವನ ಎರಡೂ ಜೀನ್ ಸರಿಯಿದ್ದರೆ ಮಗು ಹೆಚ್ಚೆಂದರೆ ತಾಯಿಯ ಹಾಗೆ ವಾಹಕ, ಅಲ್ಲಿಗೆ ಮುಗಿಯಿತು. ಅವನೂ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಥಲಸ್ಸೀಮಿಯಾ ಮೇಜರ್‌ನ ಸಂಭವ, ಅಂದರೆ ಮೊದಲೆರಡು ವರ್ಷದಿಂದಲೇ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕಾದ ಮಗು. ಒಂದು ಮಗುವಿಗೆ ಬಂದರೆ ಮುಂದಿನ ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕವಲ್ಲ ಅದು. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದಂತೆ.

ಮಗನಿಗೆ ಎಚ್‌ಪಿಎಲ್‌ಸಿಯೇ ಆಗಬೇಕು, ಕುಡಗೋಲು ಕಣವನ್ನಷ್ಟೇ ಹುಡುಕುವ ಸಿಕ್ಲಿಂಗ್ ಪರೀಕ್ಷೆ ಸಾಲದು ಎಂದು ಹೇಳುವುದಕ್ಕೂ ಕಾರಣವಿದೆ. ಥಲಸ್ಸೀಮಿಯಾದಲ್ಲಿ ಚಕ್ಕುಲಿ ಒರಳಿನ ಬಿಲ್ಲೆ ಸರಿಯಿದ್ದು ಒತ್ತುವ ಕೈ ಸೋತಿದೆ. ಬಿಲ್ಲೆಯೇ ಬೇರೆಯಾದ ಹಿಮೋಗ್ಲೋಬಿನ್‌ಗಳೂ ಇವೆ, ಸಾವಿರಕ್ಕೂ ಹೆಚ್ಚು. ಮೊದಲು ಅಕ್ಷರಗಳ ಹೆಸರಿಟ್ಟರು, ಅಕ್ಷರ ಸಾಲದೆ ಬಂದಾಗ ಊರುಗಳ ಹೆಸರು: ಡಿ-ಪಂಜಾಬ್, ಕ್ಯೂ-ಇಂಡಿಯಾ, ಹೀಗೆ. ಹೆಚ್ಚಿನವು ನಿರುಪದ್ರವಿಗಳು. ಬೀಟಾ ಎಳೆಯ 146 ಅಮೈನೋ ಆಮ್ಲಗಳಲ್ಲಿ ಆರನೆಯ ಒಂದೇ ಒಂದು ಬದಲಾದರೆ ಹಿಮೋಗ್ಲೋಬಿನ್ ಎಸ್, ಅಂದರೆ ಕುಡಗೋಲು ಕಣ. ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಬಂತು, ಅಷ್ಟೇ. ಆಕ್ಸಿಜನ್ ಇಳಿಸಿದ ಕೂಡಲೇ ಅಣುಗಳು ಒಂದಕ್ಕೊಂದು ಅಂಟಿ ಹುರಿಗಟ್ಟಿ ಕಣವನ್ನು ಕುಡಗೋಲಿನಂತೆ ಬಾಗಿಸುತ್ತವೆ. ಅದೇ ಆರನೆಯ ಜಾಗದಲ್ಲಿ ಲೈಸೀನ್ ಬಂದರೆ ಹಿಮೋಗ್ಲೋಬಿನ್ ಸಿ, ಅದು ಎಷ್ಟೋ ಸೌಮ್ಯ. ಇಪ್ಪತ್ತಾರನೆಯ ಜಾಗದಲ್ಲಿ ಲೈಸೀನ್ ಬಂದರೆ ಇ, ಈಶಾನ್ಯ ಭಾರತದಲ್ಲಿ ಧಾರಾಳ. 1949ರಲ್ಲಿ ಲೈನಸ್ ಪಾಲಿಂಗ್ ವಿದ್ಯುತ್ ಹಾಯಿಸಿ ಎಸ್ ಮತ್ತು ಎ ಬೇರೆ ಬೇರೆ ಓಡುವುದನ್ನು ತೋರಿಸಿದ ಮೇಲೆಯೇ ಒಂದು ಅಣುವಿನ ವ್ಯತ್ಯಾಸ ಒಂದು ರೋಗವಾಗಬಲ್ಲದು ಎಂದು ಜಗತ್ತು ನಂಬಿದ್ದು. ಭಾರತದಲ್ಲಿ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಕುಡಗೋಲು ಕಣ ಕಂಡಿತು. ಮಹಾರಾಷ್ಟ್ರದಲ್ಲಿ ನಂದೂರ್‌ಬಾರ್, ಗಡಚಿರೋಲಿ, ವಿದರ್ಭದ ಕಡೆ ಹೆಚ್ಚು. 2023ರಿಂದ ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಅಭಿಯಾನ ನಡೆಸುತ್ತಿದೆ.

ಇವುಗಳಲ್ಲಿ ಎಸ್ ಆಗಲಿ ಇ ಆಗಲಿ ಮಗನಲ್ಲಿ ಇದ್ದರೆ ಅವನು ಆರೋಗ್ಯವಾಗಿಯೇ ಇರುತ್ತಾನೆ, ಆದರೆ ಸೊಸೆಯ ಥಲಸ್ಸೀಮಿಯಾ ಜೀನ್ ಜೊತೆ ಸೇರಿದರೆ ಮಗುವಿಗೆ ತೊಂದರೆಯಾಗಬಹುದು. ಲ್ಯಾಬಿನವರಿಗಾಗಿ ಒಂದು ಮಾತು: ಎಚ್‌ಪಿಎಲ್‌ಸಿಯಲ್ಲಿ ಇ ಬಂದು ನಿಲ್ಲುವುದು ಎ2ನ ಜಾಗದಲ್ಲೇ. ಎ2 ಮೂವತ್ತು ಎಂದು ಬಂದರೆ ಅದು ಎ2 ಅಲ್ಲ, ಇ. ಮಗನಿಗೆ ಈಚೆಗೆ ಯಾರದಾದರೂ ರಕ್ತ ಕೊಟ್ಟಿದ್ದರೆ ಅದನ್ನೂ ಹೇಳಬೇಕು, ಇಲ್ಲದಿದ್ದರೆ ದಾನಿಯ ಹಿಮೋಗ್ಲೋಬಿನ್‌ಗೆ ರಿಪೋರ್ಟು ಬರುತ್ತದೆ.

ಇಬ್ಬರೂ ವಾಹಕರೆಂದು ತಿಳಿದರೆ ಹನ್ನೊಂದು ಹನ್ನೆರಡನೆಯ ವಾರದಲ್ಲಿ ಮಾಸುವಿನ ಚೂರು ತೆಗೆದು ಮಗುವಿನ ಜೀನ್ ನೋಡುವ ಪರೀಕ್ಷೆ ಇದೆ, ಕಾನೂನು ಅದಕ್ಕೆ ಒಪ್ಪುತ್ತದೆ. ಅದಕ್ಕೂ ಮೊದಲು ಗಂಡ ಹೆಂಡಿರ ಜೀನ್ ದೋಷ ಯಾವುದೆಂದು ಗುರುತಿಸಿಟ್ಟಿರಬೇಕು, ಅದಕ್ಕೆ ದಿನ ಬೇಕು. ಅವಳಿಗೆ ಈಗ ಎರಡು ತಿಂಗಳು. ನನ್ನ ಅವಸರದ ಗುಟ್ಟು ಅದು. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ಇಮ್ಯುನೋಹೆಮಟಾಲಜಿ ಸಂಸ್ಥೆಯಿದೆ, ಹಿಮೋಗ್ಲೋಬಿನ್ ದೋಷಗಳ ಮೇಲೆ ದಶಕಗಳಿಂದ ಕೆಲಸ ಮಾಡಿದ ಜಾಗ. ಡೊಂಬಿವಲಿಯಿಂದ ಲೋಕಲ್ ಹಿಡಿದರೆ ಬೆಳಗ್ಗೆ ಹೋಗಿ ಸಂಜೆಯೊಳಗೆ ಬರಬಹುದು.

ಮನೆಯಲ್ಲಿ ಆಗುತ್ತಿರುವ ಮಾತಿನ ಬಗ್ಗೆ. ಸಿಂಧಿ, ಲೋಹಾಣ, ಕಛ್‌ನ ಭಾನುಶಾಲಿ, ಪಂಜಾಬಿ ಸಮುದಾಯಗಳಲ್ಲಿ ಥಲಸ್ಸೀಮಿಯಾ ವಾಹಕರು ಹೆಚ್ಚು, ಅದು ನಿಜ. ಆದರೆ ದೇಶದ ಒಟ್ಟು ಲೆಕ್ಕದಲ್ಲೂ ನೂರಕ್ಕೆ ಮೂರು ನಾಲ್ಕು ಮಂದಿ ವಾಹಕರು. ನಿಮ್ಮ ಹೋಟೆಲಿನಲ್ಲಿ ಬೆಳಗಿನ ಇಡ್ಲಿಗೆ ಬರುವ ನೂರು ಜನರಲ್ಲಿ ಮೂರು ನಾಲ್ಕು ಮಂದಿ. ನಮ್ಮ ಕರಾವಳಿಯವರೇನೂ ಇದರಿಂದ ಹೊರಗಿಲ್ಲ. ನಿಮ್ಮ ಮಗನನ್ನು ಪರೀಕ್ಷೆ ಮಾಡದೆ ಅವನು ಶುದ್ಧ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಈ ಜೀನ್ ಇಷ್ಟು ಹರಡಿದ್ದು ಯಾಕೆ ಗೊತ್ತೇ? ಮೊದಲು ಹೇಳಿದೆನಲ್ಲ, ಮಾನಾಕ್ಸೈಡ್ ಉಸಿರಾಡಿದ ಹಾಲ್ಡೇನ್, ಅವನ ಮಗ ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಒಂದು ಊಹೆ ಮುಂದಿಟ್ಟ: ಥಲಸ್ಸೀಮಿಯಾ ವಾಹಕರು ಮಲೇರಿಯಾವನ್ನು ತಾಳಿಕೊಳ್ಳುವುದರಿಂದ ಈ ಜೀನ್ ಉಳಿದು ಬಂದಿದೆ ಎಂದು. ಕುಡಗೋಲು ಕಣದ ವಾಹಕರಲ್ಲಿ ಅದೇ ಬಗೆಯ ರಕ್ಷಣೆಯನ್ನು 1954ರಲ್ಲಿ ಆಂಟನಿ ಆಲಿಸನ್ ತೋರಿಸಿಕೊಟ್ಟರು. ಹಾಲ್ಡೇನ್ ಆಮೇಲೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ನಿಮ್ಮ ಸೊಸೆಯ ಪೂರ್ವಿಕರನ್ನು ಮಲೇರಿಯಾದಿಂದ ಉಳಿಸಿದ್ದ ಜೀನ್ ಅದು. ಅದನ್ನು ದೋಷ ಎಂದು ಕರೆಯುವ ಮುಂಚೆ ನಿಮ್ಮ ಮನೆಯವರು ಇದನ್ನೊಮ್ಮೆ ಓದಲಿ.

ಒಂದು ವಿಷಯ ನೀವು ಬರೆದಿಲ್ಲ. ‘ಅಲ್ಲಿ ಗ್ಯಾಸ್ ಗೀಸರ್ ಇದೆ’ ಎಂದಿದ್ದೀರಿ, ‘ಇತ್ತು’ ಎಂದಿಲ್ಲ. ಪುಣೆಯಲ್ಲಿ ಇನ್ನೆರಡು ಮೂರು ತಿಂಗಳಲ್ಲಿ ಚಳಿ ಬೀಳುತ್ತದೆ, ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಇವತ್ತು ರಾತ್ರಿ ಗಲ್ಲಾ ಮುಚ್ಚಿದ ಮೇಲೆ ತಮ್ಮನಿಗೆ ಫೋನ್ ಮಾಡಿ. ಗೀಸರ್ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಹೋಗಿ ಪೈಪಿನಲ್ಲಿ ಬಿಸಿನೀರು ಒಳಗೆ ಬರಲಿ. ಅದಾಗುವ ತನಕ ಒಲೆಯ ಮೇಲೆ ಕಾಯಿಸಿದ ನೀರು ಬಕೆಟ್‌ನಲ್ಲಿ ಹೋಗಲಿ.